ದಳ್ಳಾಳಿಯ ಮೋಸಕ್ಕೆ ಧಣಿ ಹೊಣೆಯೆ?

‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ವರವನ್ನು ತಡೆಹಿಡಿಯುವ ಪೂಜಾರಿಗಿಂತ, ಕೊಟ್ಟ ವರದಲ್ಲಿ ಅರ್ಧವನ್ನು ತಾನೇ ಇಟ್ಟುಕೊಂಡು ಪೂರ್ತಿ ವರದ ಲೆಕ್ಕವನ್ನು ಭಕ್ತನ ತಲೆಗೆ ಕಟ್ಟುವ ಪೂಜಾರಿ ಹೆಚ್ಚು ಕೆಟ್ಟವನು. ಇಂದಿನ ಸಾಲದ ವ್ಯವಹಾರದಲ್ಲಿ ಇಂಥವರಿಗೆ ಕೊರತೆಯಿಲ್ಲ. ಸಾಲ ಕೊಡುವ ಸಂಸ್ಥೆ ದೂರದ ನಗರದಲ್ಲಿದೆ. ಸಾಲ ಬೇಕಾದ ಹೆಂಗಸು ಹಳ್ಳಿಯಲ್ಲಿದ್ದಾಳೆ. ನಡುವೆ ಒಬ್ಬನು ಅಚ್ಚು ಹಾಕಿಸಿದ ಅರ್ಜಿಗಳ ಚೀಲ ಹಿಡಿದು ಓಡಾಡುತ್ತಾನೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. 50,000 ರೂಪಾಯಿ ಸಾಲಕ್ಕೆ ಆಕೆ ಹೆಬ್ಬೆಟ್ಟು ಒತ್ತುತ್ತಾಳೆ. ವಿಮೆ, ಠೇವಣಿ, ಮೇಲಿನವರ ಖರ್ಚು ಎಂದು ಹೇಳಿ ಆತನು 20,000 ಹಿಡಿದುಕೊಂಡು 30,000 ಕೈಗಿಡುತ್ತಾನೆ. ಕೆಲವು ತಿಂಗಳಲ್ಲಿ ಆತನು ಊರು ಬಿಟ್ಟಿರುತ್ತಾನೆ; ಐವತ್ತು ಸಾವಿರಕ್ಕೂ ಬಡ್ಡಿ ಸೇರಿಸಿದ ನೋಟೀಸು ಮನೆಗೆ ಬರುತ್ತದೆ. ಆಕೆ ಹೋಗಿ ವಿಚಾರಿಸಿದರೆ, ‘ಅವನು ನಮ್ಮ ನೌಕರನಲ್ಲ, ರುಜು ನಿಮ್ಮದೇ’ ಎಂಬ ಉತ್ತರ. ಈ ಉತ್ತರವನ್ನು ನ್ಯಾಯವು ಎಷ್ಟರ ಮಟ್ಟಿಗೆ ಒಪ್ಪಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನಲ್ಲಿ 1867ರಲ್ಲಿ ಇಂಗ್ಲಿಷ್ ಜಾಯಿಂಟ್ ಸ್ಟಾಕ್ ಬ್ಯಾಂಕಿನ ಮೇಲೆ ಒಂದು ಮೊಕದ್ದಮೆ ನಡೆಯಿತು. ಓಟ್ಸ್ ಧಾನ್ಯ ಮಾರುವವನೊಬ್ಬನಿಗೆ ಬ್ಯಾಂಕಿನ ಮ್ಯಾನೇಜರನು, ತಮ್ಮ ಗಿರಾಕಿಗೆ ಉದ್ದರಿ ಕೊಡಬಹುದು, ಹಣ ಬಂದಾಗ ಬ್ಯಾಂಕಿನ ಬಾಕಿ ಕಳೆದು ನಿಮಗೇ ಸಲ್ಲುತ್ತದೆ ಎಂದು ಭರವಸೆ ಬರೆದುಕೊಟ್ಟ. ಆ ಬಾಕಿ 12,000 ಪೌಂಡು ಎಂಬುದನ್ನು ಮಾತ್ರ ಬಾಯಿಬಿಡಲಿಲ್ಲ. ಹಣ ಬಂತು, ಬ್ಯಾಂಕು ನುಂಗಿತು. ಸೇವಕನು ಧಣಿಯ ಕೆಲಸದಲ್ಲಿ, ಧಣಿಯ ಲಾಭಕ್ಕಾಗಿ ಮಾಡಿದ ಮೋಸಕ್ಕೆ ಧಣಿಯೇ ಹೊಣೆಯೆಂದು ನ್ಯಾಯಾಲಯ ಹೇಳಿತು. ‘ಧಣಿಯ ಲಾಭಕ್ಕಾಗಿ’ ಎಂಬ ಮಾತನ್ನು ಹಿಡಿದುಕೊಂಡು ಬಹುಕಾಲ ವಾದ ನಡೆಯಿತು. ಸೇವಕನು ತನ್ನ ಜೇಬಿಗೇ ಹಾಕಿಕೊಂಡರೆ ಧಣಿ ಪಾರಾಗಬಹುದೆಂದು ಅನೇಕರು ನಂಬಿದ್ದರು. 1912ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ನಂಬಿಕೆಯನ್ನು ಮುರಿಯಿತು. ವಕೀಲರ ಕಚೇರಿಯೊಂದರ ಗುಮಾಸ್ತನು ವಿಧವೆಯೊಬ್ಬಳ ಎರಡು ಮನೆಗಳನ್ನೂ ಅಡಮಾನದ ಹಣವನ್ನೂ ಸುಳ್ಳು ಹೇಳಿ ತನ್ನ ಹೆಸರಿಗೆ ಬರೆಸಿಕೊಂಡಿದ್ದ. ಕಚೇರಿಗೆ ಅದರಿಂದ ಬಿಡಿಗಾಸೂ ದಕ್ಕಿರಲಿಲ್ಲ. ಆದರೂ ಕಚೇರಿಯ ಧಣಿಯೇ ಹೊಣೆಯೆಂದು ತೀರ್ಪಾಯಿತು. ಏಕೆಂದರೆ ಆ ಗುಮಾಸ್ತನನ್ನು ಅಂಥ ಕೆಲಸಕ್ಕೆ ಕುರ್ಚಿ ಹಾಕಿ ಕೂರಿಸಿದವರು ಅವರೇ.

ನಮ್ಮ ದೇಶದ 1872ರ ಕರಾರು ಕಾಯಿದೆಯ 238ನೆಯ ಕಲಮು ಇದೇ ತತ್ತ್ವವನ್ನು ಹೇಳುತ್ತದೆ. ಏಜೆಂಟನು ಧಣಿಯ ವ್ಯವಹಾರದಲ್ಲಿ ಮಾಡಿದ ಮೋಸವು, ಅವನು ಕುದುರಿಸಿದ ಕರಾರಿನ ಮಟ್ಟಿಗೆ, ಧಣಿಯೇ ಮಾಡಿದಂತೆ. ಆದರೆ ಅದೇ ಕಲಮಿನ ಉತ್ತರಾರ್ಧ, ಏಜೆಂಟನ ಅಧಿಕಾರದ ಹೊರಗಿನ ವಿಷಯದಲ್ಲಿ ನಡೆದ ಮೋಸ ಧಣಿಯನ್ನು ತಟ್ಟದು ಎನ್ನುತ್ತದೆ. ಸಾಲ ಕೊಡುವವರು ಅಡಗುವುದು ಈ ಉತ್ತರಾರ್ಧದಲ್ಲಿಯೇ. ‘ಹಣ ಹಿಡಿದುಕೊಳ್ಳಲು ನಾವು ಅವನಿಗೆ ಅಧಿಕಾರ ಕೊಟ್ಟಿರಲಿಲ್ಲ’ ಎನ್ನುತ್ತಾರೆ. ಮೋಸ ಮಾಡಲು ಅಧಿಕಾರಪತ್ರ ಬರೆದುಕೊಡುವ ಧಣಿ ಎಲ್ಲಿದ್ದಾನೆ? ಇದರ ಹಿಂದಿನ 237ನೆಯ ಕಲಮನ್ನೂ ಅವರು ಓದಬೇಕು. ಏಜೆಂಟನಿಗೆ ಅಧಿಕಾರವುಂಟೆಂದು ತನ್ನ ಮಾತಿನಿಂದಾಗಲಿ ನಡತೆಯಿಂದಾಗಲಿ ಇತರರು ನಂಬುವಂತೆ ಮಾಡಿದ ಧಣಿ, ಅದಕ್ಕೆ ಕಟ್ಟುಬೀಳುತ್ತಾನೆ. ಸಂಸ್ಥೆಯ ಹೆಸರುಳ್ಳ ಅರ್ಜಿಯನ್ನು ಅವನ ಕೈಗೆ ಕೊಟ್ಟು, ಅವನು ತಂದ ಗಿರಾಕಿಗೆ ಸಾಲ ಮಂಜೂರು ಮಾಡಿ, ಅವನಿಗೆ ಕಮಿಷನ್ ಸಲ್ಲಿಸಿದ ಮೇಲೆ, ನಡತೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇದಕ್ಕೆ ಎದುರಾಗಿ 1978ರ ನಮ್ಮ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ಎತ್ತಿ ತೋರಿಸುವುದುಂಟು. ಅಲಹಾಬಾದಿನ ಮಹಿಳೆಯೊಬ್ಬಳ ಖಾತೆಗೆ ಕಟ್ಟಬೇಕಾದ ಹಣವನ್ನೂ ಚೆಕ್ಕನ್ನೂ ಆಕೆಯ ಪತಿ ಪರಿಚಯದ ಬ್ಯಾಂಕ್ ನೌಕರನ ಕೈಗೆ ಕೊಟ್ಟಿದ್ದ, ನೌಕರ ಅಪಹರಿಸಿದ. ಅವನು ಅದನ್ನು ಪಡೆದದ್ದು ಸ್ನೇಹಿತನಾಗಿ, ಬ್ಯಾಂಕಿನ ಕೆಲಸದ ಅಂಗವಾಗಿ ಅಲ್ಲ. ಆದ್ದರಿಂದ ಬ್ಯಾಂಕು ಹೊಣೆಯಲ್ಲ ಎಂದು ತೀರ್ಪು. ಅದು ಆ ಸಂದರ್ಭಕ್ಕೆ ಸರಿಯಿರಬಹುದು. ಅಲ್ಲಿ ಬ್ಯಾಂಕು ಹಣ ಕಟ್ಟಲು ಕೌಂಟರನ್ನು ತೆರೆದಿತ್ತು; ಅವರು ಅದನ್ನು ಬಿಟ್ಟು ಬೇರೆ ದಾರಿ ಹಿಡಿದರು. ಹಳ್ಳಿಯ ಹೆಂಗಸಿಗೆ ಬೇರೆ ಕೌಂಟರು ಎಲ್ಲಿದೆ? ಚೀಲ ಹಿಡಿದು ಬಂದ ಆ ಮನುಷ್ಯನೇ ಕೌಂಟರು. ಬಾಡಿಗೆ, ಸಂಬಳ ಉಳಿಯಲೆಂದು ಸಂಸ್ಥೆಯೇ ಮಾಡಿಕೊಂಡ ಏರ್ಪಾಡು ಅದು.

ರಿಜರ್ವ್ ಬ್ಯಾಂಕು ಈ ಮಾತನ್ನು ಬಹುಮಟ್ಟಿಗೆ ಒಪ್ಪಿದೆ. 2006ರಲ್ಲಿ ಬ್ಯಾಂಕುಗಳು ಹಳ್ಳಿಗಳಲ್ಲಿ ಪ್ರತಿನಿಧಿಗಳನ್ನು ನೇಮಿಸಿಕೊಳ್ಳಲು ಅನುಮತಿಯಿತ್ತಾಗ, ಅವರ ಕೃತ್ಯಗಳಿಗೆ ಬ್ಯಾಂಕೇ ಹೊಣೆಯೆಂದು ಹೇಳಿತು. 2022ರಲ್ಲಿ ಮೊಬೈಲಿನ ಮೂಲಕ ಕೊಡುವ ಸಾಲಕ್ಕೆ ನಿಯಮ ಮಾಡಿ, ಹಣವು ಮಧ್ಯವರ್ತಿಯ ಖಾತೆಯನ್ನು ಹಾಯದೆ ನೇರವಾಗಿ ಸಾಲಗಾರನಿಗೆ ಸೇರಬೇಕು, ಮಧ್ಯವರ್ತಿಯ ಶುಲ್ಕವನ್ನು ಸಾಲ ಕೊಡುವವರೇ ತೆರಬೇಕು ಎಂದು ವಿಧಿಸಿತು. ಒಳ್ಳೆಯದೇ. ಆದರೆ ಖಾತೆಗೆ ಬಂದ ಹಣವನ್ನು ಹೊರತೆಗೆಸಿ, ಹೊರಗಿನ ಕಟ್ಟೆಯ ಮೇಲೆ ಎಣಿಸಿ ಪಾಲು ಕೀಳುವವನನ್ನು ಆ ನಿಯಮ ಹಿಡಿಯಲಾರದು.

‘ಹೀಗಾದರೆ ಸಾಲ ತೀರಿಸದವರಿಗೆಲ್ಲ ನೆಪ ಸಿಕ್ಕೀತು’ ಎಂಬ ಆಕ್ಷೇಪವನ್ನು ಕಡೆಗಣಿಸಲಾಗದು. ಆದರೆ ಮೋಸದ ಕರಾರನ್ನು ರದ್ದುಪಡಿಸಿದವನು ತಾನು ಪಡೆದುದನ್ನು ಹಿಂದಿರುಗಿಸಬೇಕೆಂದು ಅದೇ ಕಾಯಿದೆಯ 64ನೆಯ ಕಲಮು ಹೇಳುತ್ತದೆ. ನಮ್ಮ ಉದಾಹರಣೆಯ ಹೆಂಗಸು ಮೂವತ್ತು ಸಾವಿರವನ್ನು ಕೊಡಲೇಬೇಕು. ಕಾಣದ ಇಪ್ಪತ್ತನ್ನು ಮಾತ್ರ ಆಕೆಯಿಂದ ಕೇಳಬಾರದು. ಅದನ್ನು ಸಂಸ್ಥೆ ಏಜೆಂಟನಿಂದ ವಸೂಲು ಮಾಡಲಿ. ದುರ್ನಡತೆಯ ಏಜೆಂಟನು ಧಣಿಗೆ ನಷ್ಟ ತುಂಬಿಕೊಡಬೇಕೆಂಬುದೂ ಕಾಯಿದೆಯಲ್ಲಿದೆ. ಅವನ ವಿಳಾಸ, ಬಾಕಿ ಕಮಿಷನ್ನು ಎಲ್ಲವೂ ಸಂಸ್ಥೆಯ ಬಳಿಯಿರುತ್ತವೆ; ಆಕೆಯ ಬಳಿ ಏನಿದೆ? ಇನ್ನು, ಸಾಲಗಾರನೇ ಹುಡುಕಿ, ತಾನೇ ಕೂಲಿ ಕೊಟ್ಟು ಕರೆತಂದ ದಳ್ಳಾಳಿಯ ಮಾತು ಬೇರೆ. ಅವನು ಸಾಲಗಾರನ ಮನುಷ್ಯ. ಆದರೆ ಅವನು ಯಾರ ಮನುಷ್ಯನೆಂದು ರುಜುವಾತುಪಡಿಸುವ ಭಾರ ಲೆಕ್ಕದ ಪುಸ್ತಕ ಇಟ್ಟವರ ಮೇಲಿರಬೇಕೇ ಹೊರತು ಹೆಬ್ಬೆಟ್ಟು ಒತ್ತಿದವರ ಮೇಲಲ್ಲ.

ಸಣ್ಣ ಸಾಲದ ವಿವರಗಳು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂಬ ನಿಯಮ ಈಗಾಗಲೇ ಇದೆ. ಆ ಕಾಗದದಲ್ಲಿಯೇ ಇನ್ನೊಂದು ಸಾಲು ಸೇರಲಿ: ನಿಮ್ಮನ್ನು ಕರೆತಂದವರು ಯಾರು, ಅವರಿಗೆ ನೀವು ಎಷ್ಟು ಕೊಟ್ಟಿರಿ? ಮೊದಲ ಕಂತು ವಸೂಲು ಮಾಡುವ ಮೊದಲು, ಆ ಮಧ್ಯವರ್ತಿ ಎದುರಿಗಿಲ್ಲದಾಗ, ಸಂಸ್ಥೆಯ ಸಂಬಳದ ನೌಕರನೊಬ್ಬನು ಇದನ್ನು ಓದಿ ಹೇಳಿ, ಉತ್ತರವನ್ನು ಬರೆದುಕೊಳ್ಳಲಿ. ಕೇಳದೆ ಬಿಟ್ಟ ಸಂಸ್ಥೆಗೆ, ಮುಂದೆ ನ್ಯಾಯಾಲಯದಲ್ಲಿ ‘ನಮಗೆ ತಿಳಿದಿರಲಿಲ್ಲ’ ಎನ್ನುವ ಅವಕಾಶ ಇರಬಾರದು.