ಬೆಳೆ ಇಲ್ಲೋ, ಬೆಲೆ ಇಲ್ಲೋ?

ಬಿ, ಇ, ಎಲ್, ಇ. ವಾಟ್ಸ್‌ಆ್ಯಪ್‌ನಲ್ಲಿ ಈ ನಾಲ್ಕು ಇಂಗ್ಲಿಷ್ ಅಕ್ಷರ ಬಂದರೆ ನೀವು ಬೆಳೆ ಅಂತ ಓದ್ತೀರೋ, ಬೆಲೆ ಅಂತ ಓದ್ತೀರೋ? 'ತೊಗರಿ ಬೆಳೆ ಚಲೋ ಇಲ್ಲ' ಅಂದರೆ ಅದು ಹೊಲದ ಸುದ್ದಿ. 'ತೊಗರಿ ಬೆಲೆ ಚಲೋ ಇಲ್ಲ' ಅಂದರೆ ಎಪಿಎಂಸಿ ಸುದ್ದಿ. ಹಾಲು-ಹಾಳು, ಕಾಲು-ಕಾಳು ಕಥೆನೂ ಇಷ್ಟೇ. ನಾಳೆ ನೀರು ಬರ್ತದೋ, ನಾಲೆ ನೀರು ಬರ್ತದೋ ಅನ್ನೋದೂ ಗೊತ್ತಾಗೂದಿಲ್ಲ. (ನಮ್ಮ ಮಂದಿ ಕೆನಾಲ್ ಅಂತಾರ, ಅದಕ್ಕೇ ಪಾರಾಗೀವಿ.)

ಯಾದಗಿರಿ, ಶಹಾಪುರ, ಸುರಪುರದ ಯಾವ ಊರಿನ ಗ್ರೂಪ್ ತೆರೆದರೂ ಮಾತು ಕನ್ನಡ, ಅಕ್ಷರ ಇಂಗ್ಲಿಷ್. ಬರೆಯೋ ಹುಡುಗರಿಗೆ ಇದರಿಂದ ತ್ರಾಸಿಲ್ಲ. ತ್ರಾಸು ಓದೋರಿಗೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಆ ಸಾಕ್ಷರರಲ್ಲೂ ನಾಲ್ಕನೇ, ಐದನೇ ಇಯತ್ತೆಗೇ ಶಾಲೆ ಬಿಟ್ಟ ಅವ್ವಂದಿರು, ಅಪ್ಪಂದಿರು ಇದ್ದಾರೆ. ಬಸ್ಸಿನ ಬೋರ್ಡು, ರೇಷನ್ ಅಂಗಡಿ ಚೀಟಿ ಕನ್ನಡದಲ್ಲಿದ್ದರೆ ಅಕ್ಷರ ಕೂಡಿಸಿ ಓದ್ತಾರೆ. ಬೆಂಗಳೂರಿಗೆ ದುಡಿಯಾಕ ಹೋದ ಮಗನ ಮೆಸೇಜ್ ಮಾತ್ರ ಮೊಮ್ಮಗ ಶಾಲೆಯಿಂದ ಬಂದು ಓದಿ ಹೇಳಬೇಕು. ಮಗ ಬರೆದಿದ್ದು ಅವ್ವನ ಮಾತಿನಲ್ಲೇ, ಅವ್ವಗೆ ಓದಾಕ ಬರೂದಿಲ್ಲ ಅಂದರೆ ಇದೆಂಥ ನ್ಯಾಯ?

ವಾಯ್ಸ್ ಮೆಸೇಜ್ ಇದೆಯಲ್ಲ ಅಂತೀರಿ. ಇದೆ, ಚಲೋನೂ ಇದೆ. ಆದರೆ ಹೋದ ತಿಂಗಳ ಬೀಜದ ಲೆಕ್ಕ ಹುಡುಕಬೇಕಾದರೆ ಇಪ್ಪತ್ತು ವಾಯ್ಸ್ ಒತ್ತಿ ಒತ್ತಿ ಕೇಳಬೇಕು. ಬರೆದದ್ದನ್ನ ಪಂಚಾಯ್ತಿಯಲ್ಲಿ ಫೋನ್ ಮುಂದೆ ಹಿಡಿದು 'ನೋಡ್ರಿ ಸರ್' ಅನ್ನಬಹುದು.

ಕನ್ನಡದಲ್ಲಿ ಟೈಪ್ ಮಾಡೋದು ಕಷ್ಟ ಅನ್ನೋ ಮಾತು ಹಳೇದಾತು. ಜಿಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಭಾಷೆಗೆ ಹೋಗಿ ಕನ್ನಡ ಸೇರಿಸಿ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರೋ ಕೀಬೋರ್ಡೂ ಅಲ್ಲೇ ಸಿಗ್ತದೆ, ಬೆರಳಿನ ರೂಢಿ ಬದಲಿಸಬೇಕಿಲ್ಲ. ಬೆಲೆ ಅಂತ ಬಂದರೆ ಮೇಲಿನ ಸಾಲಿನಲ್ಲಿ ಬೆಳೆ ಇದೆಯಾ ನೋಡಿ ಒತ್ತಿ. ನೇರ ಕನ್ನಡ ಅಕ್ಷರದಲ್ಲೇ ಒತ್ತೋರು ಮೊದಲು ಎಡವೋದು ಒತ್ತಕ್ಷರಕ್ಕೆ. 'ಹತ್ತಿ' ಬರೀಬೇಕಾದರೆ ಹ, ತ, ಆಮೇಲೆ ಅರ್ಧಾಕ್ಷರದ ಗುರುತು ( ್ ), ಮತ್ತೆ ತ, ಕೊನೆಗೆ ಗುಡಿಸು. ಇದೊಂದು ಕೈಗೆ ಹತ್ತಿದರೆ ಉಳಿದದ್ದು ಎರಡು ದಿನದ ಮಾತು. ಮೈಕ್ ಒತ್ತಿ ಮಾತಾಡಿದರೂ ಕನ್ನಡ ಅಕ್ಷರ ಬೀಳ್ತದೆ. 2017ರಿಂದಲೇ ಈ ಸೌಲಭ್ಯ ಇದೆ. ನಮ್ಮ 'ಹೊಂಟೀನಿ', 'ಮಾಡಾಕತ್ತೀನಿ' ಅದಕ್ಕೆ ಒಮ್ಮೊಮ್ಮೆ ತಿಳಿಯೂದಿಲ್ಲ, ಅದು ಬೇರೆ ಮಾತು.

ಇನ್ನೊಂದು ಅಡ್ಡಿ ನಾಚಿಕೆ. 'ಹೋಗುತ್ತಿದ್ದೇನೆ' ಅಂತ ಪುಸ್ತಕದ ಕನ್ನಡ ಬರೀಬೇಕು, ತಪ್ಪಾದರೆ ಗ್ರೂಪಿನಲ್ಲಿರೋ ಮಾಸ್ತರು ನಗ್ತಾರೆ ಅಂತ ಎಷ್ಟೋ ಮಂದಿ ಇಂಗ್ಲಿಷ್ ಅಕ್ಷರದ ಹಿಂದೆ ಅಡಗ್ತಾರೆ. ಮೆಸೇಜ್ ಪರೀಕ್ಷೆ ಪೇಪರ್ ಅಲ್ಲ. 'ಉಂಡ್ರೇನು?', 'ಬಸ್ ಸಿಕ್ತು', 'ಮಳಿ ಬರಾಕತ್ತದ' ಅಂತ ಆಡಿದಂಗೇ ಬರೀರಿ. ಐರ್ಲೆಂಡ್ ಅನ್ನೋ ದೇಶದಲ್ಲಿ ಇಂಗ್ಲಿಷೇ ಮನೆಮಾತಾಗಿರೋರು ತಮ್ಮ ಹಳೇ ಐರಿಶ್ ಭಾಷೆಯನ್ನ ಮತ್ತೆ ಕಲಿತು ಅದರಲ್ಲಿ ಮೆಸೇಜ್ ಕಳಿಸ್ತಾರೆ. ಧನ್ಯವಾದ ಅನ್ನೋದಕ್ಕೆ ಅವರಲ್ಲಿ ನಾಲ್ಕು ಪದ. ಅದನ್ನೂ ಮೊದಲಕ್ಷರಕ್ಕಿಳಿಸಿ ಜಿಆರ್‌ಎಂಎ ಅಂತ ಒತ್ತಿಬಿಡ್ತಾರೆ. ನಮಗೆ ಭಾಷೆ ಕಲಿಯೋ ಕೆಲಸ ಇಲ್ಲ, ಕೀಬೋರ್ಡ್ ಬದಲಿಸಿದರೆ ಸಾಕು.

ಸರ್ಕಾರಿ ಕಚೇರಿಗಳಿಗೂ ಒಂದು ಮಾತು. ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಹಂಗೇ ಕಳಿಸಿದ ಪ್ರಕಟಣೆ ನಮ್ಮ ಫೋನಿನಲ್ಲಿ ಇರುವೆ ಹರಿದಾಡಿದಂಗ ಕಾಣ್ತದೆ. ಯೂನಿಕೋಡ್‌ನಲ್ಲಿ ಕಳಿಸಿದರೆ ಸುದ್ದಿ ಬರೆಯೋ ನಮಗೂ ಅನುಕೂಲ, ಊರಿನ ಗ್ರೂಪಿಗೂ ನೇರ ಹಾಕಬಹುದು.

ನಿಮ್ಮ ಗ್ರೂಪಿನ ಅಡ್ಮಿನ್‌ಗೆ ಇಷ್ಟು ಕೇಳಿ: ನೀರು, ರೇಷನ್, ಕೂಲಿ ಹಾಜರಿ, ಲಸಿಕೆ. ಈ ನಾಲ್ಕು ಸುದ್ದಿ ಕನ್ನಡ ಅಕ್ಷರದಲ್ಲೇ ಹಾಕ್ರಿ. ಗುಡ್ ಮಾರ್ನಿಂಗ್ ಫೋಟೊ ಯಾವ ಅಕ್ಷರದಲ್ಲಿ ಬಂದರೂ ನಡೀತದೆ.