ಹೆಗಲ ಮಾಂಸದ ಪೌಷ್ಟಿಕತೆ ಮತ್ತು ಗೋಮಾಳದ ಹುಲ್ಲು

ಪರಿಸರದ ಚರ್ಚೆಗಳಲ್ಲಿ ಮಾಂಸಾಹಾರದ ವಿಷಯವನ್ನು ಎರಡು ಬಗೆಯಲ್ಲಿ ಮುಗಿಸಿಬಿಡುವ ರೂಢಿ ಬೆಳೆದಿದೆ. ಮಾಂಸ ತಿನ್ನುವುದೇ ಭೂಮಿಗೆ ಭಾರವೆಂದು ಸಾರುವುದು ಒಂದು ಬಗೆ. ಅದು ಅವರವರ ತಟ್ಟೆಯ ವಿಚಾರವೆಂದು ಮೌನ ವಹಿಸುವುದು ಇನ್ನೊಂದು. ಇವೆರಡರ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದು ಉಳಿದುಹೋಗುತ್ತದೆ. ಒಂದು ತುತ್ತು ಮಾಂಸದಲ್ಲಿರುವ ಪೋಷಣೆ ಹುಟ್ಟುವುದು ಎಲ್ಲಿ, ಉಳಿಯುವುದು ಹೇಗೆ, ಕೊನೆಗೆ ಅದು ಸೇರುವುದು ಯಾರ ಮೈಯನ್ನು? ಸಣ್ಣ ಉರಿಯಲ್ಲಿ, ಮುಚ್ಚಿದ ಪಾತ್ರೆಯಲ್ಲಿ ಹೊತ್ತು ಹಿಡಿದು ಬೇಯಿಸಿದ ಕುರಿಯ ಹೆಗಲ ಮಾಂಸವನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಈ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಾಗುತ್ತದೆ. ಆ ಉತ್ತರ ಅಡುಗೆಮನೆಯಲ್ಲಿ ಮುಗಿಯದೆ ಗೋಮಾಳದವರೆಗೂ ಸಾಗುತ್ತದೆ.

ಮೊದಲು ಅಂಕಿಗಳನ್ನು ನೋಡಬಹುದು. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕಗಳ ಪ್ರಕಾರ, ಹೊರಗೊಬ್ಬು ತೆಗೆದು ನೀರಿನ ಹಬೆಯಲ್ಲಿ ನಿಧಾನವಾಗಿ ಬೇಯಿಸಿದ ಎಳೆಗುರಿಯ ಹೆಗಲ ಮಾಂಸ 100 ಗ್ರಾಮಿಗೆ ಸುಮಾರು 280 ಕ್ಯಾಲೊರಿ ಶಕ್ತಿ ಕೊಡುತ್ತದೆ. ಅದರಲ್ಲಿ ಸುಮಾರು 33 ಗ್ರಾಂ ಪ್ರೋಟೀನು, 16 ಗ್ರಾಂ ಕೊಬ್ಬು ಇವೆ. ಜೊತೆಗೆ ಎರಡೂವರೆ ಮಿಲಿಗ್ರಾಂ ಮೀರಿದ ಕಬ್ಬಿಣ, ಸುಮಾರು 7 ಮಿಲಿಗ್ರಾಂ ಸತು ಹಾಗೂ ವಯಸ್ಕರ ಒಂದು ದಿನದ ಅಗತ್ಯಕ್ಕೆ ಸಾಕಾಗುವಷ್ಟು ಬಿ12 ಜೀವಸತ್ವ ದೊರೆಯುತ್ತವೆ. ಹೊರಗೊಬ್ಬನ್ನು ಉಳಿಸಿಕೊಂಡರೆ ಶಕ್ತಿಯ ಪ್ರಮಾಣ 340 ಕ್ಯಾಲೊರಿ ದಾಟುತ್ತದೆ, ಪ್ರೋಟೀನಿನ ಪಾಲು ಇಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕವೂ ಕುರಿಯ ಹೆಗಲ ಭಾಗವನ್ನು ಪ್ರತ್ಯೇಕವಾಗಿ ದಾಖಲಿಸಿದೆ. ಆದರೆ ಅದು ಹಸಿ ಮಾಂಸದ ಲೆಕ್ಕ. ಬೇಯುವಾಗ ಮಾಂಸವು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗವನ್ನು ಕಳೆದುಕೊಳ್ಳುವುದರಿಂದ ಹಸಿಯ ಅಂಕಿಯನ್ನೂ ಬೆಂದುದರ ಅಂಕಿಯನ್ನೂ ನೇರವಾಗಿ ಹೋಲಿಸುವುದು ಸರಿಯಲ್ಲ.

ಅಮೆರಿಕದ ಅಂಕಿಗಳನ್ನು ಕನ್ನಡ ನಾಡಿನ ಕುರಿಗೆ ಹಾಗೆಯೇ ಅನ್ವಯಿಸುವುದೂ ತಪ್ಪಾಗುತ್ತದೆ. ಧಾನ್ಯ ತಿನ್ನಿಸಿ ಕೊಬ್ಬಿಸಿದ ಅಲ್ಲಿನ ಎಳೆಗುರಿಯೇ ಬೇರೆ, ದಿನವಿಡೀ ನಡೆದು ಕುರುಚಲು ಮೇಯ್ದು ಬೆಳೆದ ಡೆಕ್ಕನಿ ಅಥವಾ ಬಳ್ಳಾರಿ ಕುರಿಯೇ ಬೇರೆ. ನಾರುಗಳ ನಡುವೆ ಕೊಬ್ಬು ತುಂಬಿಕೊಳ್ಳುವ ಬನ್ನೂರು ಕುರಿ ಇವೆರಡಕ್ಕಿಂತಲೂ ಭಿನ್ನ. ಅಂಕಿಗಳನ್ನು ದಿಕ್ಸೂಚಿಯಂತೆ ಬಳಸಿಕೊಳ್ಳಬೇಕೇ ಹೊರತು ಅವುಗಳಿಂದ ಮಿಲಿಗ್ರಾಂ ಲೆಕ್ಕದ ಖಚಿತತೆಯನ್ನು ನಿರೀಕ್ಷಿಸಬಾರದು.

ದುಡಿಯುವ ಸ್ನಾಯು, ಕಾಯುವ ಪಾತ್ರೆ

ಕುರಿಗೆ ಕೊರಳೆಲುಬು ಇರುವುದಿಲ್ಲ. ಮುಂಗಾಲುಗಳು ಎದೆಗೂಡಿಗೆ ಕೀಲಿನಿಂದ ಜೋಡಣೆಯಾಗಿಲ್ಲ. ಸ್ನಾಯು ಮತ್ತು ನಾರುಗಳ ಬಿಗಿತದಲ್ಲೇ ನಿಂತಿವೆ. ದೇಹದ ಭಾರದ ಅರ್ಧಕ್ಕೂ ಹೆಚ್ಚು ಪಾಲನ್ನು ಹೊರುವುದೂ ಈ ಮುಂಗಾಲುಗಳೇ. ಹೀಗೆ ಎಡೆಬಿಡದೆ ದುಡಿಯುವ ಸ್ನಾಯುವಿಗೆ ಆಮ್ಲಜನಕ ಹೆಚ್ಚು ಬೇಕು. ಅದನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ವಸ್ತು ಅಲ್ಲಿ ಹೇರಳವಾಗಿರುತ್ತದೆ. ಮಾಂಸದ ಕಡುಗೆಂಪಿಗೆ ಅದೇ ಕಾರಣ. ಸ್ನಾಯುಗಳನ್ನು ಬಿಗಿದು ಕಟ್ಟುವ ಕೊಲಾಜೆನ್ ನಾರು ಕೂಡ ಇಲ್ಲಿ ಹೆಚ್ಚು. ಬೆನ್ನಿನ ಮೃದು ಮಾಂಸದಂತೆ ಇದನ್ನು ಹೆಂಚಿನ ಮೇಲೆ ಬೇಗನೆ ಹುರಿದರೆ ಹಲ್ಲಿಗೆ ಸಿಕ್ಕುವುದು ಚರ್ಮದಂತಹ ಗಡಸು ತುಂಡು.

ಕೊಲಾಜೆನ್ ನೀರಿನಂಶದ ನಡುವೆ, ಅರುವತ್ತರಿಂದ ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ, ಗಂಟೆಗಟ್ಟಲೆ ಹೊತ್ತು ತೆಗೆದುಕೊಂಡು ಜಿಲಟಿನ್ ಆಗಿ ಕರಗುತ್ತದೆ. ಮುಚ್ಚಿದ ಮಣ್ಣಿನ ಗಡಿಗೆಯಲ್ಲಿ ನಡೆಯುವುದೂ ಇದೇ, ಪಾಶ್ಚಾತ್ಯರ ದಪ್ಪ ತಳದ ಪಾತ್ರೆಯಲ್ಲಿ ನಡೆಯುವುದೂ ಇದೇ. ಒತ್ತಡದ ಕುಕ್ಕರು ಸುಮಾರು 120 ಡಿಗ್ರಿಯಲ್ಲಿ ಇದೇ ಕೆಲಸವನ್ನು ಬೇಗನೆ ಮುಗಿಸಿ ಸೌದೆಯನ್ನೋ ಅನಿಲವನ್ನೋ ಉಳಿಸುತ್ತದೆ. ಮೂರು ಗಂಟೆ ಒಲೆ ಉರಿಸಿದ ಮಾತ್ರಕ್ಕೆ ಪೋಷಣೆ ಹೆಚ್ಚುವುದಿಲ್ಲ ಎಂಬುದನ್ನು ಕಾಡಿನ ಅಂಚಿನಲ್ಲಿ ಸೌದೆ ಆಯುವ ಮನೆಗಳ ಹಿತದೃಷ್ಟಿಯಿಂದಲಾದರೂ ಹೇಳಬೇಕಾಗುತ್ತದೆ.

ನೀರಿನಲ್ಲಿ ಬೇಯಿಸುವ ಕ್ರಮಕ್ಕೆ ಇನ್ನೂ ಎರಡು ಗುಣಗಳಿವೆ. ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳ ಒಂದು ಪಾಲು ಬೇಯುವಾಗ ಮಾಂಸದಿಂದ ಸಾರಿಗೆ ಇಳಿಯುತ್ತದೆ. ಸಾರನ್ನು ಚೆಲ್ಲದೆ ಉಂಡರೆ, ಶಾಖಕ್ಕೆ ನಾಶವಾದುದನ್ನು ಬಿಟ್ಟು ಉಳಿದದ್ದೆಲ್ಲ ಮೈಗೆ ದಕ್ಕುತ್ತದೆ. ಕೆಂಡದ ಮೇಲೆ ಕರಕಲಾಗುವಂತೆ ಸುಟ್ಟಾಗ ಹುಟ್ಟುವ ಹಾನಿಕಾರಕ ಸಂಯುಕ್ತಗಳು ನೀರಿನ ಕುದಿಬಿಂದುವಿನ ಆಸುಪಾಸಿನಲ್ಲಿ ಬೇಯಿಸಿದಾಗ ಬಹಳ ಕಡಿಮೆ.

ಇಲ್ಲಿ ಒಂದೆರಡು ಜನಪ್ರಿಯ ನಂಬಿಕೆಗಳನ್ನೂ ತಿದ್ದಿಕೊಳ್ಳಬೇಕಾಗಿದೆ. ಮೂಳೆಯ ಸಾರಿನಲ್ಲಿ ಸುಣ್ಣದಂಶ ಧಾರಾಳವಾಗಿದೆ ಎಂಬ ಮಾತು ನಿಜವಲ್ಲ. ಎಷ್ಟೇ ಕುದಿಸಿದರೂ ಮೂಳೆ ಬಿಟ್ಟುಕೊಡುವ ಸುಣ್ಣ ಅತ್ಯಲ್ಪ. ಜಿಲಟಿನ್ ಸಾರಿಗೆ ಮೈಕಟ್ಟು ಕೊಡುತ್ತದೆ, ನಾಲಿಗೆಗೆ ಹಿತವಾಗುತ್ತದೆ. ಆದರೆ ಪ್ರೋಟೀನಾಗಿ ಅದು ಅಪೂರ್ಣ, ಏಕೆಂದರೆ ಅದರಲ್ಲಿ ಟ್ರಿಪ್ಟೊಫಾನ್ ಎಂಬ ಅತ್ಯಗತ್ಯ ಅಮೈನೋ ಆಮ್ಲವೇ ಇಲ್ಲ. ಮಕ್ಕಳಿಗೆ ಸಾರನ್ನಷ್ಟೇ ಬಡಿಸಿ ತುಂಡುಗಳನ್ನು ಹಿರಿಯರ ತಟ್ಟೆಗೆ ಹಾಕುವ ಮನೆಗಳಲ್ಲಿ ಮಕ್ಕಳಿಗೆ ಸಿಗುವುದು ರುಚಿ, ಸ್ವಲ್ಪ ಜೀವಸತ್ವ, ಪೂರ್ಣ ಪ್ರೋಟೀನಲ್ಲ.

ತಟ್ಟೆಯಲ್ಲಿ ಆಗುವ ಗುಣಾಕಾರ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿದಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಅದರ ಮುಂದೆ 100 ಗ್ರಾಂ ಮಾಂಸದ ಎರಡೂವರೆ ಮಿಲಿಗ್ರಾಂ ಏನೂ ಅಲ್ಲವೆಂದು ತೋರುತ್ತದೆ. ಆದರೆ ಆ 29 ಮಿಲಿಗ್ರಾಂ ಅಷ್ಟು ದೊಡ್ಡದಾಗಿರುವುದಕ್ಕೆ ಕಾರಣ, ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣದ ಸ್ವಲ್ಪ ಪಾಲನ್ನು ಮಾತ್ರ ಕರುಳು ಹೀರಿಕೊಳ್ಳುತ್ತದೆ ಎಂಬುದೇ. ಮಾಂಸದ ಕಬ್ಬಿಣದ ಗಣನೀಯ ಪಾಲು ಹೀಮ್ ರೂಪದಲ್ಲಿರುತ್ತದೆ. ಅದರ 15ರಿಂದ 35 ಪ್ರತಿಶತ ಮೈಗೆ ಸೇರುತ್ತದೆ. ಇನ್ನೂ ಮುಖ್ಯವಾದುದೆಂದರೆ, ಅದೇ ಊಟದ ಕಾಳು ಧಾನ್ಯಗಳಲ್ಲಿರುವ ಕಬ್ಬಿಣವನ್ನೂ ಹೆಚ್ಚು ಹೀರಿಕೊಳ್ಳುವಂತೆ ಮಾಂಸ ನೆರವಾಗುತ್ತದೆ.

ರಾಗಿಮುದ್ದೆಯ ಜೊತೆಗಿನ ಕುರಿಯ ಸಾರಿಗೆ ಮಹತ್ವ ಬರುವುದು ಈ ಕಾರಣದಿಂದ. ರಾಗಿಯಲ್ಲಿ 100 ಗ್ರಾಮಿಗೆ 360 ಮಿಲಿಗ್ರಾಂ ಆಸುಪಾಸಿನಷ್ಟು ಸುಣ್ಣ, ನಾಲ್ಕೂವರೆ ಮಿಲಿಗ್ರಾಂ ಆಸುಪಾಸಿನಷ್ಟು ಕಬ್ಬಿಣ ಇದ್ದರೂ ಅದರ ಫೈಟೇಟುಗಳು ಆ ಕಬ್ಬಿಣವನ್ನು ಹಿಡಿದಿಡುತ್ತವೆ. ಪಕ್ಕದಲ್ಲಿ 50 ಗ್ರಾಂ ಮಾಂಸ, ಸಾರಿಗೆ ಹಿಂಡಿದ ನಿಂಬೆಹಣ್ಣು ಇದ್ದರೆ ಆ ಹಿಡಿತ ಸಡಿಲಾಗುತ್ತದೆ. ಸುಣ್ಣವನ್ನು ರಾಗಿ ಕೊಡುತ್ತದೆ. ರಾಗಿಯಲ್ಲಿಲ್ಲದ ಬಿ12 ಜೀವಸತ್ವವನ್ನು ಮಾಂಸ ಕೊಡುತ್ತದೆ. ಬಯಲುಸೀಮೆಯ ಈ ಜೋಡಿಯನ್ನು ಯಾವ ಪ್ರಯೋಗಾಲಯವೂ ರೂಪಿಸಿದ್ದಲ್ಲ. ಮಲೆನಾಡಿನ ಮನೆಗಳು ಮಾತ್ರ ಒಂದು ಎಚ್ಚರ ವಹಿಸಬೇಕು: ಊಟದ ಬೆನ್ನಿಗೇ ಕುಡಿಯುವ ಕಾಫಿ ಅಥವಾ ಚಹಾ ಧಾನ್ಯದ ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತದೆ. ಒಂದು ಗಂಟೆ ಬಿಟ್ಟು ಕುಡಿದರೆ ಆ ನಷ್ಟವನ್ನು ಬಹುಪಾಲು ತಪ್ಪಿಸಬಹುದು.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ 47.8 ಪ್ರತಿಶತ, ಐದು ವರ್ಷದೊಳಗಿನ ಮಕ್ಕಳ ಪೈಕಿ 65.5 ಪ್ರತಿಶತ ರಕ್ತಹೀನತೆಗೆ ಗುರಿಯಾಗಿದ್ದರು. ರಕ್ತಹೀನತೆಗೆ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ಬಿ12 ಮತ್ತು ಫೋಲೇಟುಗಳ ಕೊರತೆ, ಬರಿಗಾಲಿನಲ್ಲಿ ತೋಟ ಸುತ್ತುವವರನ್ನು ಕಾಡುವ ಕೊಕ್ಕೆಹುಳು ಇವೆಲ್ಲವೂ ಸೇರುತ್ತವೆ. ಮಾಂಸ ಇವೆಲ್ಲಕ್ಕೂ ಮದ್ದು ಎಂದು ಯಾರೂ ಹೇಳಲಾರರು. ಆದರೆ ಮಾಂಸ ತಿನ್ನುವ ಮನೆಗಳಲ್ಲೇ ಎಲ್ಲರೂ ಉಂಡ ಮೇಲೆ ಉಣ್ಣುವ ಹೆಣ್ಣಿಗೆ ಉಳಿಯುವುದು ಮೂಳೆ ಮತ್ತು ಸಾರು ಎಂಬುದು ಎಲ್ಲರೂ ಬಲ್ಲ ಸಂಗತಿ. ಹಬ್ಬದ ದಿನ ಗಂಡಸರ ತಟ್ಟೆಗೆ ಬೀಳುವ ಕಾಲು ಕಿಲೋದಿಂದ ಆಗದ ಪ್ರಯೋಜನ, ವಾರಕ್ಕೆರಡು ಬಾರಿ ಗರ್ಭಿಣಿಯ ಅಥವಾ ಬೆಳೆಯುವ ಹುಡುಗಿಯ ತಟ್ಟೆಗೆ ಬೀಳುವ 50 ಗ್ರಾಮಿನಿಂದ ಆಗುತ್ತದೆ.

ಮಿತಿಯ ಮಾತನ್ನೂ ಮರೆಮಾಚಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ ಕೆಂಪು ಮಾಂಸವನ್ನು ಸಂಭಾವ್ಯ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ವಾರಕ್ಕೆ ಬೆಂದ ಕೆಂಪು ಮಾಂಸ 350ರಿಂದ 500 ಗ್ರಾಂ ಮೀರದಿರಲಿ ಎಂಬುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ಹೆಗಲ ಮಾಂಸದ 16 ಗ್ರಾಂ ಕೊಬ್ಬಿನಲ್ಲಿ ಸುಮಾರು 6 ಗ್ರಾಂ ಪರ್ಯಾಪ್ತ ಕೊಬ್ಬು. ಹೃದ್ರೋಗಿಗಳು ಸಾರನ್ನು ಆರಿಸಿ ಮೇಲೆ ಗಟ್ಟಿಯಾದ ಕೊಬ್ಬನ್ನು ತೆಗೆದು ಉಣ್ಣುವುದು ಲೇಸು. ಪರಿಸರದ ಲೆಕ್ಕದಲ್ಲೂ ಕುರಿ ನಿರ್ದೋಷಿಯಲ್ಲ. ಅಂತರಸರ್ಕಾರಿ ಹವಾಮಾನ ಸಮಿತಿಯ ಅಂದಾಜಿನಂತೆ ಭಾರತದಂತಹ ದೇಶಗಳ ಒಂದು ಕುರಿ ವರ್ಷಕ್ಕೆ ಸುಮಾರು 5 ಕಿಲೋ ಮೀಥೇನ್ ಹೊರಬಿಡುತ್ತದೆ. ಅಷ್ಟೇ ಪ್ರೋಟೀನನ್ನು ಬೇಳೆಕಾಳಿನಿಂದ ಪಡೆದರೆ ಹವೆಯ ಮೇಲಿನ ಭಾರ ಎಷ್ಟೋ ಪಟ್ಟು ಕಡಿಮೆ. ಆದ್ದರಿಂದ ಇದು ಹೆಚ್ಚು ಮಾಂಸ ತಿನ್ನಿರೆಂಬ ವಾದವಲ್ಲ. ಸ್ವಲ್ಪವೇ ಇರಲಿ, ಬೇಕಾದವರಿಗೆ ಸಿಗಲಿ, ಹುಲ್ಲು ಮೇಯ್ದ ಕುರಿಯದಾಗಿರಲಿ ಎಂಬ ವಾದ.

ಹುಲ್ಲು ಹೋದರೆ ಏನು ಹೋಯಿತು

ಕುರಿಯ ಕೊಬ್ಬಿನ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಮೇವು. ಹಸಿರು ಹುಲ್ಲು ಸೊಪ್ಪುಗಳಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲದ ಬಹುಭಾಗವನ್ನು ಹೊಟ್ಟೆಯ ಸೂಕ್ಷ್ಮಜೀವಿಗಳು ಮಾರ್ಪಡಿಸಿದರೂ ಒಂದಂಶ ಪಾರಾಗಿ ಮಾಂಸ ಸೇರುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿ ಧಾನ್ಯ ತಿನ್ನಿಸಿದ ಕುರಿಯಲ್ಲಿ ಆ ಅಂಶ ಇಳಿದು ಒಮೆಗಾ-6ರ ಪಾಲು ಏರುತ್ತದೆ; ಇ ಜೀವಸತ್ವವೂ ಕಡಿಮೆಯಾಗುತ್ತದೆ. ಮೀನಿಗೆ ಹೋಲಿಸಿದರೆ ಇವೆಲ್ಲ ಸಣ್ಣ ಪ್ರಮಾಣಗಳೇ. ಇದಕ್ಕಿಂತ ದೊಡ್ಡ ವ್ಯತ್ಯಾಸ ಬೇರೊಂದು ಕಡೆ ಇದೆ. ಮನುಷ್ಯ ತಿನ್ನಲಾಗದ ಹುಲ್ಲನ್ನು ಕುರಿ ಆಹಾರವಾಗಿ ಪರಿವರ್ತಿಸಿದರೆ ಅದು ಗಳಿಕೆ. ಮನುಷ್ಯ ತಿನ್ನಬಹುದಾದ ಮೆಕ್ಕೆಜೋಳವನ್ನು ತಿಂದು ಮಾಂಸವಾದರೆ ಅದು ನಷ್ಟ. ಗೋಮಾಳವಿದ್ದರೆ ಮೊದಲನೆಯದು, ಇಲ್ಲವಾದರೆ ಎರಡನೆಯದು.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರಪ್ರದೇಶಗಳ ನಂತರದ ಸ್ಥಾನ ಈ ರಾಜ್ಯದ್ದು. ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್ ಉಚಿತ ಹುಲ್ಲುಗಾವಲು ಕಾಯ್ದಿರಿಸಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ನಿಯಮ ಪುಸ್ತಕದಲ್ಲಿದೆ, ಹುಲ್ಲುಗಾವಲು ಒತ್ತುವರಿಯಲ್ಲಿ, ಸಕ್ರಮದಲ್ಲಿ, ನಿವೇಶನಗಳಲ್ಲಿ ಕರಗುತ್ತಿದೆ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಗಾಗಿ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಬಂದಾಗ ಹಳ್ಳಿಗರು ಕೇಳಿದ ಪ್ರಶ್ನೆಯೂ ಇದೇ: ದನಕುರಿಗಳು ಎಲ್ಲಿ ಮೇಯಬೇಕು? 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ನಡೆದ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹದಲ್ಲಿ ನೀಲಗಿರಿ ಸಸಿ ಕಿತ್ತು ಮೇವು, ಹಣ್ಣಿನ ಸಸಿ ನೆಟ್ಟವರು ಪರಿಸರವನ್ನಷ್ಟೇ ಅಲ್ಲ, ತಮ್ಮ ಊಟವನ್ನೂ ಕಾಯುತ್ತಿದ್ದರು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದಾಗ ಬೇಲಿಯ ಹೊರಗುಳಿದವರಲ್ಲಿ ಕುರಿಗಾರರೂ ಕಂಬಳಿ ನೇಯುವವರೂ ಇದ್ದರು. ವಿಪರ್ಯಾಸವೆಂದರೆ ಹಂಚಿಕೆಯ ಯಾವ ಚರ್ಚೆಯಲ್ಲೂ ಆ ಹುಲ್ಲಿನಿಂದ ಎಷ್ಟು ಪ್ರೋಟೀನು, ಎಷ್ಟು ಕಬ್ಬಿಣ ಹುಟ್ಟುತ್ತಿತ್ತೆಂಬ ಲೆಕ್ಕಕ್ಕೆ ಜಾಗ ದೊರೆಯಲಿಲ್ಲ.

ಇದು ಬಯಲುಸೀಮೆಯ ಸಮಸ್ಯೆ, ಮಲೆನಾಡಿಗೇನು ಎಂದು ಕೇಳುವವರಿರಬಹುದು. ಅತಿಯಾದ ಮಳೆ, ಗೊರಸು ಕೊಳೆತ, ಪಿತ್ತಕೋಶದ ಹುಳುಗಳಿಂದಾಗಿ ಮಲೆನಾಡಿನ ಒಳಭಾಗಕ್ಕೆ ಕುರಿ ಒಗ್ಗುವುದಿಲ್ಲವೆಂಬುದು ನಿಜ. ಆದರೆ ಮಲೆನಾಡಿನ ಅಡಿಕೆ, ಕಾಫಿ ತೋಟಗಳಿಗೆ ಲಾರಿಗಟ್ಟಲೆ ಕುರಿಗೊಬ್ಬರ ಏರಿ ಬರುವುದು ಆ ಬಯಲುಗಳಿಂದಲೇ. ಸಂತೆಯ ಮಾಂಸದಂಗಡಿಗೆ ಕುರಿ ಬರುವುದೂ ಅಲ್ಲಿಂದಲೇ. ಮಲೆನಾಡಿನ ಬ್ಯಾಣ, ಸೊಪ್ಪಿನಬೆಟ್ಟಗಳನ್ನು ಉಳಿಸಿಕೊಳ್ಳಲು ಹೋರಾಡುವವರಿಗೆ ಬಯಲಿನ ಗೋಮಾಳ ಪರಕೀಯವಾಗಬಾರದು.

2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿ ತೆರವುಗೊಳಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಆದೇಶಿಸಿತು. ಆ ಆದೇಶಕ್ಕೆ ಜೀವ ತುಂಬುವ ಕೆಲಸ ಗ್ರಾಮಸಭೆಗಳಿಂದಲೇ ಆರಂಭವಾಗಬೇಕು. ಪ್ರತಿ ಗ್ರಾಮ ಪಂಚಾಯತಿಯೂ ತನ್ನ ಗೋಮಾಳದ ಸರ್ವೆ ನಂಬರು, ವಿಸ್ತೀರ್ಣಗಳನ್ನು ಗೋಡೆಯ ಮೇಲೆ ಬರೆಸಲಿ. ಒತ್ತುವರಿ ತೆರವಿನ ಹೆಸರಿನಲ್ಲಿ ತುಂಡು ಭೂಮಿಯ ಬಡವರನ್ನು ಮೊದಲು ಎಬ್ಬಿಸದೆ ದೊಡ್ಡ ಒತ್ತುವರಿಗಳಿಂದ ಕೆಲಸ ಶುರುವಾಗಲಿ. ಬಳ್ಳಾರಿ ಜಾಲಿ ಹಬ್ಬಿದ ನೆಲದಲ್ಲಿ ಸ್ಥಳೀಯ ಹುಲ್ಲು ಮರಳಿ ಬೆಳೆಯಲಿ. ಅಂಗನವಾಡಿಯಲ್ಲಿ ಮಗುವಿನ ತೂಕ ಬರೆದುಕೊಳ್ಳುವವರೂ ಕಂದಾಯ ಕಚೇರಿಯಲ್ಲಿ ಗೋಮಾಳದ ಕಡತ ತಿರುವುವವರೂ ಒಂದೇ ವಿಷಯದ ಎರಡು ತುದಿಗಳನ್ನು ಹಿಡಿದಿದ್ದಾರೆ ಎಂಬ ಅರಿವು ಆಡಳಿತಕ್ಕೆ ಬರಬೇಕಾಗಿದೆ. ಅದನ್ನು ಮೂಡಿಸುವ ಹೊಣೆ ಪರಿಸರ ಚಳವಳಿಗಳ ಮೇಲೂ ಇದೆ.