ಕಾಡಿನ ದಾರಿಯಲ್ಲಿ ಈರ್ಯಾಸಮಿತಿ

ರಾಜಗೃಹದ ವಿಪುಲಾಚಲದಲ್ಲಿ ಭಗವಾನ್ ಮಹಾವೀರರ ಸಮವಸರಣ ನೆರೆದಿದೆಯೆಂಬ ಸುದ್ದಿ ಕೇಳಿ ಶ್ರೇಣಿಕ ಮಹಾರಾಜನು ಆನೆಯನ್ನೇರಿ, ಪುರಜನರೊಡನೆ ದರ್ಶನಕ್ಕೆ ಹೊರಟನು. ಬಾವಿಯೊಂದರಲ್ಲಿದ್ದ ಕಪ್ಪೆಗೂ ಜಿನದರ್ಶನದ ಆಸೆ ಹುಟ್ಟಿತು. ಅದು ಕಮಲದ ಎಸಳೊಂದನ್ನು ಕಚ್ಚಿಕೊಂಡು ಕುಪ್ಪಳಿಸುತ್ತ ಅದೇ ದಾರಿಯಲ್ಲಿ ಸಾಗಿತು. ನಡುದಾರಿಯಲ್ಲಿ ಆನೆಯ ಕಾಲಡಿ ಸಿಕ್ಕಿ ಸತ್ತಿತು. ಸಾಯುವಾಗಲೂ ಮನಸ್ಸು ಪೂಜೆಯಲ್ಲೇ ನೆಟ್ಟಿದ್ದುದರಿಂದ ದೇವಗತಿಯನ್ನು ಪಡೆದು, ಮುಕುಟದಲ್ಲಿ ಕಪ್ಪೆಯ ಚಿಹ್ನೆಯನ್ನು ಧರಿಸಿ ಸಮವಸರಣಕ್ಕೆ ಬಂದಿತು.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪೂಜೆಯ ಮಹಿಮೆಗೆ ಈ ಕಪ್ಪೆಯನ್ನೇ ದೃಷ್ಟಾಂತವಾಗಿ ಸ್ಮರಿಸಿದ್ದಾರೆ. ಬಸದಿಗಳ ಪ್ರವಚನಗಳಲ್ಲಿಯೂ ಕಥೆ ಭಕ್ತಿಯ ಹಿರಿಮೆಗಾಗಿಯೇ ಬರುತ್ತದೆ. ಆದರೆ ಅದಕ್ಕೆ ಇನ್ನೊಂದು ಮುಖವೂ ಉಂಟು. ಆ ಮೆರವಣಿಗೆಯಲ್ಲಿ ಯಾರಿಗೂ ಕಪ್ಪೆಯ ಮೇಲೆ ದ್ವೇಷವಿರಲಿಲ್ಲ. ಎಲ್ಲರೂ ಪುಣ್ಯಕಾರ್ಯಕ್ಕೆ ಹೊರಟವರೇ. ಎಲ್ಲರ ಕಣ್ಣೂ ಬೆಟ್ಟದ ಮೇಲಿತ್ತು. ಕಾಲಡಿಯ ನೆಲವನ್ನು ನೋಡಿದವರಿರಲಿಲ್ಲ.

ಈ ಕಥೆ ಇಂದು ನೆನಪಾಗಲು ಕಾರಣವಿದೆ. ಕೇರಳದ ಪಶ್ಚಿಮಘಟ್ಟದ ಕಾಡೊಂದರಲ್ಲಿ, ಕೊಳೆತ ಮರದ ದಿಮ್ಮಿಯ ಅಡಿಯಲ್ಲಿ ಬೆರಳ ತುದಿಯಷ್ಟು ದೊಡ್ಡ ಕಪ್ಪು ಕಪ್ಪೆಗಳು ವಾಸವಾಗಿದ್ದವು. ಮೈಮೇಲಿನ ಚುಕ್ಕೆಗಳು ರಾತ್ರಿಯ ಆಕಾಶದ ನಕ್ಷತ್ರಗಳಂತೆ ಹೊಳೆಯುವುದರಿಂದ ಅವುಗಳಿಗೆ ನಕ್ಷತ್ರಪುಂಜದ ಹೆಸರೇ ಬಂದಿದೆ. ಸಂಶೋಧಕರು ಅಲ್ಲಿ ಅಂಥ ಏಳು ಕಪ್ಪೆಗಳನ್ನು ಕಂಡಿದ್ದರು. ಮತ್ತೊಮ್ಮೆ ಹೋದಾಗ ದಿಮ್ಮಿಗಳು ಮಗುಚಿ ಬಿದ್ದಿದ್ದವು, ಸುತ್ತಲಿನ ಗಿಡಗಳು ತುಳಿತಕ್ಕೆ ಸಿಕ್ಕಿದ್ದವು, ಕಪ್ಪೆಗಳು ಇರಲಿಲ್ಲ. ಚಿತ್ರ ತೆಗೆಯಲು ಗುಂಪು ಗುಂಪಾಗಿ ಬಂದ ಛಾಯಾಚಿತ್ರಕಾರರು ಅವುಗಳ ಮನೆಯನ್ನೇ ಕೆಡವಿದ್ದರೆಂದು 2025ರ ಕೊನೆಯಲ್ಲಿ ವರದಿಯಾಯಿತು. ಬಂದವರು ಬೇಟೆಗಾರರಲ್ಲ, ಕಾಡನ್ನು ಪ್ರೀತಿಸುವವರೆಂದೇ ತಿಳಿದುಕೊಂಡವರು. ರಾಜಗೃಹದ ದಾರಿಯಲ್ಲಿ ನಡೆದುದೇ ಇಲ್ಲಿಯೂ ನಡೆಯಿತು.

ಮುಚ್ಚಿದ ಬಾಗಿಲು ಎತ್ತಿದ ಪ್ರಶ್ನೆ

ಕರ್ನಾಟಕದಲ್ಲಿ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತು. ಮೈಸೂರು ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದ ಬಳಿಕ, 2025ರ ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಬಂಡೀಪುರ ಹಾಗೂ ನಾಗರಹೊಳೆಗಳಲ್ಲಿ ಸಫಾರಿ ಮತ್ತು ಚಾರಣವನ್ನು ನಿಲ್ಲಿಸಲು ಆದೇಶಿಸಿದರು. ಸಫಾರಿ ವಾಹನಗಳ ಸದ್ದು, ಜನಸಂದಣಿಗಳಿಂದಲೇ ಹುಲಿಗಳು ಊರಿನತ್ತ ಬರುತ್ತಿವೆ ಎಂಬುದು ರೈತರ ಆರೋಪ. ಅದಕ್ಕೆ ಆಧಾರವಿಲ್ಲ, ಪ್ರವಾಸ ನಿಂತರೆ ಸಾವಿರಾರು ಕುಟುಂಬಗಳ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬುದು ಚಾಲಕರು, ಮಾರ್ಗದರ್ಶಕರು, ವಸತಿಗೃಹಗಳವರ ಅಳಲು. ಅದೇ ತಿಂಗಳು ಸುಪ್ರೀಂ ಕೋರ್ಟು, ಉತ್ತರಾಖಂಡದ ಕಾರ್ಬೆಟ್ ಪ್ರಕರಣದ ತೀರ್ಪಿನಲ್ಲಿ, ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ರಾತ್ರಿಯ ಪ್ರವಾಸವನ್ನು ತಡೆಯಿತು. ಕೇಂದ್ರಭಾಗದ ಪ್ರವಾಸಿ ವಲಯಗಳಲ್ಲಿ ಮೊಬೈಲ್ ಬಳಕೆಯನ್ನೂ ನಿಷೇಧಿಸಿತು. ಅದಕ್ಕೂ ಮುಂಚೆ, 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಗೇ ಮುಗಿಬಿದ್ದ ಜನರನ್ನು ಕಂಡ ಅರಣ್ಯ ಇಲಾಖೆ ಚಾರಣಗಳಿಗೆ ಕಡಿವಾಣ ಹಾಕಿ, ಮುಂದೆ ದಿನಕ್ಕೆ 300 ಮಂದಿಯ ಮಿತಿಯನ್ನೂ ಆನ್‌ಲೈನ್ ನೋಂದಣಿಯನ್ನೂ ತಂದಿತು.

ಈ ಎಲ್ಲ ಆದೇಶಗಳ ತಿರುಳು ಒಂದೇ: ಕಾಡಿಗೆ ಹೋಗುವವರ ಸಂಖ್ಯೆಗೂ ಸದ್ದಿಗೂ ಹೊತ್ತಿಗೂ ಮಿತಿ ಬೇಕು. ಮಿತಿ ಎಂಬ ಮಾತು ಜೈನ ಶ್ರಾವಕರಿಗೆ ಹೊಸದಲ್ಲ. ಪರಿಗ್ರಹಪರಿಮಾಣ, ದಿಗ್ವ್ರತ, ದೇಶವ್ರತ, ಭೋಗೋಪಭೋಗಪರಿಮಾಣ ಎಂದು ಗೃಹಸ್ಥನ ವ್ರತಗಳೆಲ್ಲ ಮಿತಿಯ ಸುತ್ತಲೇ ಕಟ್ಟಿದವು. ದೊರೆತನವೂ ನ್ಯಾಯಾಲಯವೂ ಹೊರಗಿನಿಂದ ಹೇರುವುದನ್ನು ಶ್ರಾವಕನು ಒಳಗಿನಿಂದ ಒಪ್ಪಿಕೊಳ್ಳುತ್ತಾನೆ ಎಂಬುದಷ್ಟೇ ವ್ಯತ್ಯಾಸ.

ನಾಲ್ಕು ಮೊಳದ ನೋಟ

ವಾಹನಗಳ ದಟ್ಟಣೆಗೆ ಪರ್ಯಾಯವಾಗಿ ಅನೇಕ ಕಡೆ ಬೆಳೆಯುತ್ತಿರುವುದು ಸಣ್ಣ ಗುಂಪಿನ ನಡಿಗೆ. ನಾಲ್ಕಾರು ಮಂದಿ, ಕಾಡನ್ನು ಬಲ್ಲ ಸ್ಥಳೀಯ ಮಾರ್ಗದರ್ಶಕ, ಮೊದಲೇ ಗೊತ್ತುಪಡಿಸಿದ ದಾರಿ, ಮಾತಿಲ್ಲದ ಸಾಲು. ಕೇರಳದ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ 1990ರ ದಶಕದ ಕೊನೆಯ ವೇಳೆಗೆ ಇಂಥ ನಡಿಗೆ ಆರಂಭವಾಯಿತು. ಅಲ್ಲಿ ಮುಂದೆ ನಡೆದು ದಾರಿ ತೋರಿದವರು ಹಿಂದೊಮ್ಮೆ ಅದೇ ಕಾಡಿನಲ್ಲಿ ಕದ್ದು ಮರದ ತೊಗಟೆ ಸುಲಿಯುತ್ತಿದ್ದವರು, ಬೇಟೆಯಾಡುತ್ತಿದ್ದವರು. ಬಂದೂಕಿಗೆ ಗುರಿ ಹುಡುಕುತ್ತಿದ್ದ ಕಣ್ಣುಗಳೇ ಈಗ ಹೆಜ್ಜೆಗುರುತು ಕಂಡು, ಇನ್ನು ಮುಂದೆ ಹೋಗುವುದು ಬೇಡವೆಂದು ಕೈಸನ್ನೆ ಮಾಡುತ್ತವೆ.

ಇಂಥ ನಡಿಗೆಯ ನಿಯಮಗಳನ್ನು ಓದಿದವರಿಗೆ ಮುನಿಗಳ ಈರ್ಯಾಸಮಿತಿ ನೆನಪಾಗದೆ ಇರದು. ಪಂಚ ಸಮಿತಿಗಳಲ್ಲಿ ಮೊದಲನೆಯದು ನಡೆಯ ಎಚ್ಚರ. ಸೂರ್ಯನ ಬೆಳಕಿರುವಾಗಲೇ ನಡೆಯಬೇಕು. ಈಗಾಗಲೇ ಜನ ನಡೆದಾಡಿದ ದಾರಿಯಲ್ಲೇ ನಡೆಯಬೇಕು, ಹಸಿರು ಹುಲ್ಲಿನ ಮೇಲಲ್ಲ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆ ಇಡಬೇಕು. ಹೊರಡುವುದಕ್ಕೆ ಯೋಗ್ಯವಾದ ಕಾರಣವೊಂದಿರಬೇಕು. ಮಾರ್ಗ, ಬೆಳಕು, ಗಮನ, ಉದ್ದೇಶ ಈ ನಾಲ್ಕೂ ಶುದ್ಧವಾಗಿದ್ದರೆ ನಡೆ ಶುದ್ಧ. ಕಾಡಿನ ಮಾರ್ಗದರ್ಶಕನು ಕಾಲುದಾರಿಯನ್ನು ಬಿಡಬೇಡಿರಿ, ಸಂಜೆಗೆ ಮುನ್ನ ಮರಳೋಣ, ಕಾಲಡಿ ನೋಡಿರಿ ಎಂದು ಹೇಳುವಾಗ ತನಗೆ ತಿಳಿಯದೆಯೇ ಈರ್ಯಾಸಮಿತಿಯ ಪಾಠ ಹೇಳುತ್ತಿರುತ್ತಾನೆ. ಹುಲಿಯ ದರ್ಶನವಾಗದ ದಿನವೂ ಅವನ ಹಿಂದೆ ನಡೆದವರು ಗೆದ್ದಲ ಹುತ್ತ, ಜೇಡರ ಬಲೆ, ಇರುವೆಗಳ ಸಾಲುಗಳನ್ನು ದಾಟದೆ ಬಳಸಿಕೊಂಡು ಹೋಗುವುದನ್ನು ಕಲಿತಿರುತ್ತಾರೆ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಭೇದವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗುವಿಗೆ ಅದು ಕಣ್ಣೆದುರಿಗೆ ನಿಲ್ಲುವುದು ಇಲ್ಲಿಯೇ.

ತತ್ತ್ವಾರ್ಥಸೂತ್ರದಲ್ಲಿ ಆಚಾರ್ಯ ಉಮಾಸ್ವಾಮಿಗಳು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಗುರುತಿಸಿದ್ದಾರೆ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನೂ ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಇವು ಮನೆಯ ದನಕರುಗಳ ಮಾತೆಂದು ಓದಿ ಮುಂದೆ ಸಾಗುವುದು ವಾಡಿಕೆ. ಆದರೆ ಹುಲಿಯೊಂದನ್ನು ನಾಲ್ಕೂ ಕಡೆಯಿಂದ ಜೀಪುಗಳು ಸುತ್ತುವರಿದಾಗ, ಹಗ್ಗವಿಲ್ಲದಿದ್ದರೂ ಅದು ಬಂಧನವೇ. ಬೇಸಿಗೆಯ ನೀರಿನ ಗುಂಡಿಯ ಸುತ್ತ ಜನ ನೆರೆದುದರಿಂದ ಆನೆಯ ಹಿಂಡು ಬಾಯಾರಿಕೆಯಲ್ಲಿಯೇ ಹಿಂದಿರುಗಿದರೆ, ಅದು ಅನ್ನಪಾನನಿರೋಧವೇ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು 2012ರ ಮಾರ್ಗಸೂಚಿಯಲ್ಲಿ, ವನ್ಯಜೀವಿಗಳಿಂದ 20 ಮೀಟರಿಗಿಂತ ಹೆಚ್ಚು ದೂರವಿರಬೇಕು, ಅವುಗಳನ್ನು ಸುತ್ತುವರಿಯಬಾರದು, ಆಮಿಷ ಒಡ್ಡಬಾರದು, ಆಹಾರ ಹಾಕಬಾರದು ಎಂದು ವಿಧಿಸಿದುದರ ಅರ್ಥ ಶ್ರಾವಕನಿಗೆ ಈ ಅತಿಚಾರಗಳ ಮೂಲಕ ಇನ್ನೂ ಚೆನ್ನಾಗಿ ತಿಳಿಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬೇಟೆ ಎಂಬ ಮಾತಿನ ಅರ್ಥವನ್ನು ಕೊಲ್ಲುವುದಕ್ಕಷ್ಟೇ ಸೀಮಿತಗೊಳಿಸಿಲ್ಲ. ಅಟ್ಟುವುದು, ಆಮಿಷ ಒಡ್ಡುವುದು ಕೂಡ ಅದರೊಳಗೆ ಸೇರುತ್ತವೆ.

ಅನ್ನದಾನವೋ ಅಭಯದಾನವೋ

ಇಲ್ಲಿ ಜೈನರು ತಮ್ಮನ್ನೇ ಕೇಳಿಕೊಳ್ಳಬೇಕಾದ ಕಷ್ಟದ ಪ್ರಶ್ನೆಯೊಂದಿದೆ. ಪ್ರಾಣಿಗಳಿಗೆ ತಿನ್ನಿಸುವುದು ದಯೆಯೆಂಬ ಭಾವನೆ ಮನೆಮನೆಯಲ್ಲಿ ಬೇರೂರಿದೆ. ಯಾತ್ರೆಗೆ ಹೊರಟ ಬಸ್ಸು ಘಟ್ಟದ ತಿರುವಿನಲ್ಲಿ ನಿಂತು, ಕಿಟಕಿಗಳಿಂದ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತುಗಳು ಹೊರಬೀಳುವುದು ಸಾಮಾನ್ಯ ನೋಟ. ಹಾಗೆ ತಿಂದ ಮಂಗ ಕಾಡಿನ ಹಣ್ಣನ್ನು ಹುಡುಕುವುದನ್ನು ಬಿಡುತ್ತದೆ, ರಸ್ತೆಗೆ ಇಳಿಯುತ್ತದೆ, ಮುಂದಿನ ವಾಹನದ ಗಾಲಿಗೆ ಸಿಗುತ್ತದೆ. ಕೊಟ್ಟವನಿಗೆ ಪುಣ್ಯದ ತೃಪ್ತಿ, ತಿಂದದ್ದಕ್ಕೆ ಸಾವು. ಹಂಪಿಗೆ ಸಮೀಪದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಯಿತು. ಅಲ್ಲಿ ಜನ ಎತ್ತರದ ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕುಳಿತು, ದೂರದ ಬಂಡೆಗಳ ಮೇಲೆ ಬರುವ ಕರಡಿಗಳನ್ನು ನೋಡುತ್ತಾರೆ. ದೂರ ಮತ್ತು ಮೌನ ಎರಡೂ ಮೆಚ್ಚತಕ್ಕವೇ. ಆದರೆ ಕರಡಿಗಳು ಬರಲೆಂದು ಬಂಡೆಗಳಿಗೆ ಸಿಹಿ ಬಳಿಯುವ ರೂಢಿ ಅಲ್ಲಿ ಬೆಳೆದುಬಂದುದನ್ನು ಹಾಗೆಯೇ ಒಪ್ಪುವುದು ಸುಲಭವಲ್ಲ. ನೋಡುವವರ ಸಂತೋಷಕ್ಕಾಗಿ ನಾಲಗೆಗೆ ಹಚ್ಚಿದ ರುಚಿ ಅದು. ಇಂದ್ರಿಯದಾಸ್ಯವನ್ನು ಬಿಡಿಸಹೊರಟ ಧರ್ಮ ಮತ್ತೊಂದು ಜೀವಕ್ಕೆ ಅದನ್ನೇ ಕಲಿಸಲಾಗದು.

ಶಾಸ್ತ್ರದಲ್ಲಿ ದಾನ ನಾಲ್ಕು ಬಗೆ: ಆಹಾರ, ಔಷಧ, ಶಾಸ್ತ್ರ, ಅಭಯ. ಯಾರಿಗೆ ಯಾವುದು ಸಲ್ಲುವುದೆಂಬ ವಿವೇಕವೂ ದಾನದ ಭಾಗವೇ. ಬರಗಾಲದಲ್ಲಿ ಹಸಿದು ನಿಂತ ಊರ ದನಕ್ಕೆ ಮೇವು ಕೊಡುವುದು ಆಹಾರದಾನ. ಕಾಡಿನ ಜಿಂಕೆಗೆ ಅದು ಬೇಕಿಲ್ಲ, ಅದಕ್ಕೆ ಬೇಕಾದುದು ಅಭಯ. ಮನುಷ್ಯನನ್ನು ಕಂಡು ಮೇಯುವುದನ್ನು ಒಂದು ಕ್ಷಣ ನಿಲ್ಲಿಸಿ, ಕಿವಿ ನಿಮಿರಿಸಿ, ಭಯವಿಲ್ಲವೆಂದು ತಿಳಿದು ಮತ್ತೆ ತಲೆ ತಗ್ಗಿಸಿದರೆ ಆ ಜಿಂಕೆಗೆ ದಾನ ಸಂದಂತೆ. ಕೈಯಲ್ಲಿ ಏನನ್ನೂ ಹಿಡಿಯದೆ ಕೊಡಬಹುದಾದ ದಾನ ಇದೊಂದೇ.

ಹೋಗದೆ ಇರುವುದೇ ಶ್ರೇಷ್ಠವಲ್ಲವೇ ಎಂಬ ಆಕ್ಷೇಪವೂ ಇದೆ, ಅದು ಹಗುರವಾದುದೂ ಅಲ್ಲ. ನಿಷ್ಪ್ರಯೋಜನವಾಗಿ ಅಲೆಯುವುದನ್ನು ಅನರ್ಥದಂಡದಲ್ಲಿ ಎಣಿಸಲಾಗಿದೆ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದ ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಮಲೆನಾಡಿನಲ್ಲಿ ಕಪ್ಪೆಗಳನ್ನು ನೋಡುವ ರಾತ್ರಿ ನಡಿಗೆಗಳು ಜನಪ್ರಿಯವಾಗುತ್ತಿರುವುದು ಅದೇ ಮಳೆಯಲ್ಲಿ. ಹೆಜ್ಜೆ ಇಟ್ಟಲ್ಲೆಲ್ಲ ಜೀವವಿರುವ ಹೊತ್ತಿನಲ್ಲಿ, ಬೆಳಕಿಲ್ಲದಾಗ, ಎಷ್ಟೇ ಒಳ್ಳೆಯ ಮಾರ್ಗದರ್ಶಕನಿದ್ದರೂ ಶ್ರಾವಕನು ಅದರಿಂದ ದೂರ ಉಳಿಯುವುದೇ ಲೇಸು. ಉಳಿದ ಕಾಲದ ಹಗಲಿನ ನಡಿಗೆಗೆ ಒರೆಗಲ್ಲು ಉದ್ದೇಶ. ತತ್ತ್ವಾರ್ಥಸೂತ್ರವು ಪರಿಗ್ರಹವೆಂದರೆ ಮೂರ್ಛೆ, ತನ್ನದೆಂಬ ಮೋಹ ಎನ್ನುತ್ತದೆ. ಹುಲಿ ಕಾಣಿಸಲೇಬೇಕು, ಚಿತ್ರ ಸಿಗಲೇಬೇಕು, ಕೊಟ್ಟ ಹಣಕ್ಕೆ ದರ್ಶನ ಆಗಲೇಬೇಕು ಎಂಬ ಹಟ ಅಂಥ ಮೂರ್ಛೆಯೇ. ಚಾಲಕನಿಗೆ ಇನ್ನೂ ಹತ್ತಿರ ಹೋಗು ಎಂದು ಒತ್ತಾಯಿಸುವ ಪ್ರವಾಸಿಯಿಂದಲೇ ನಿಯಮ ಮುರಿಯುತ್ತದೆ. ನಿಯಮ ಪಾಲಿಸುವ ಚಾಲಕನ ದುಡಿಮೆಯನ್ನು ಗೌರವಿಸುವ ಪ್ರವಾಸಿಗಳು ಹೆಚ್ಚಿದರೆ ಕಾಡಿನ ಬಾಗಿಲನ್ನು ಪೂರಾ ಮುಚ್ಚುವ ಪ್ರಸಂಗಗಳು ಕಡಿಮೆಯಾದಾವು. ಅನುಕಂಪೆ ಹುಲಿಗೆ ಮಾತ್ರ ಸಲ್ಲುವುದೂ ಅಲ್ಲ. ಮನೆಯ ಯಜಮಾನನನ್ನು ಹೊಲದಲ್ಲಿ ಕಳೆದುಕೊಂಡ ಕುಟುಂಬದ ದುಃಖವನ್ನು ಬದಿಗಿಟ್ಟು ಕಾಡಿನ ಸೊಬಗನ್ನು ಕೊಂಡಾಡುವ ಪ್ರವಾಸ ಅಹಿಂಸೆಯ ಲೆಕ್ಕಕ್ಕೆ ಬರದು. ಕಾಡಂಚಿನ ಊರಿಗೆ ಕೆಲಸ, ಕೂಲಿ, ಗೌರವ ಸಿಗುವ ನಡಿಗೆಯಷ್ಟೇ ನ್ಯಾಯವಾದುದು.

ದಾರಿ ತೋರಿದವನು

ಮಹಾವೀರರ ಭವಾವಳಿ ಆರಂಭವಾಗುವುದೇ ಕಾಡಿನಲ್ಲಿ. ದಿಗಂಬರ ಪುರಾಣದಂತೆ ಪುರೂರವನೆಂಬ ಬೇಡನು ಪೊದೆಗಳ ನಡುವೆ ಕಂಡ ಸಾಗರಸೇನ ಮುನಿಗಳನ್ನು ಮೃಗವೆಂದು ಬಗೆದು ಬಾಣ ಹೂಡಿದನು. ಹೆಂಡತಿ ಕಾಲಿಕೆ ತಡೆದಳು. ಬಾಣ ಕೆಳಗಿಟ್ಟ ಬೇಡನು ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿದನು. ಶ್ವೇತಾಂಬರ ಪರಂಪರೆಯ ನಯಸಾರನು ಕಾಡಿನಲ್ಲಿ ದಾರಿ ತಪ್ಪಿದ ಸಾಧುಗಳಿಗೆ ಆಹಾರವಿತ್ತು, ಜೊತೆಗೆ ನಡೆದು ದಾರಿ ತೋರಿದನು. ಅವರು ಅವನಿಗೆ ಆತ್ಮದ ದಾರಿ ತೋರಿದರು. ಇದೇ ಜೀವ ಮುಂದೊಂದು ಭವದಲ್ಲಿ ಸಿಂಹವಾಗಿ ಜಿಂಕೆಯ ಮೇಲೆರಗಿದ್ದಾಗ ಇಬ್ಬರು ಚಾರಣಮುನಿಗಳು ಆಗಸದಿಂದಿಳಿದು ಅದಕ್ಕೆ ಧರ್ಮವನ್ನು ಬೋಧಿಸಿದರು. ಸಿಂಹವು ಶ್ರಾವಕವ್ರತಗಳನ್ನು ಹಿಡಿಯಿತು. ಬೇಡ, ದಾರಿ ತೋರುವವ, ಸಿಂಹ ಈ ಮೂವರಲ್ಲಿಯೂ ಇದ್ದುದು ತೀರ್ಥಂಕರನಾಗಲಿದ್ದ ಜೀವ. ಪೆರಿಯಾರಿನ ಹಳೆಯ ಬೇಟೆಗಾರನನ್ನೂ ಕಬಿನಿಯ ಹುಲಿಯನ್ನೂ ಈ ಕಣ್ಣಿನಿಂದ ನೋಡಿದವನಿಗೆ ಇಬ್ಬರಲ್ಲಿ ಯಾರೂ ಪ್ರದರ್ಶನದ ವಸ್ತುವಾಗಿ ಕಾಣರು.

ದೂರದ ಕಾಡಿಗೆ ಹೋಗುವ ಮೊದಲು ಈ ಅಭ್ಯಾಸ ಊರಿನಲ್ಲಿಯೇ ಆಗಬಹುದು. ಜೋರಾಪುರ ಪೇಟೆಯ ಮಕ್ಕಳಿಗೆ ಭೂತನಾಳ ಕೆರೆ ದೂರವಲ್ಲ. ಬಬಲೇಶ್ವರದ ಕಡೆಗೆ ಮಮದಾಪುರದ ಹಳೆಯ ಕೆರೆಯಿದೆ. ಕೃಷ್ಣೆಯ ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಇಳಿಯುತ್ತವೆ. ನೆರೆಯ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿಯೇ ವನ್ಯಜೀವಿಧಾಮವಿದೆ. ಪಾಠಶಾಲೆಯ ಐದಾರು ಮಕ್ಕಳು, ಹಕ್ಕಿಗಳನ್ನು ಬಲ್ಲ ಒಬ್ಬ ಹಿರಿಯ, ಎರಡು ದುರ್ಬೀನು, ಬೆಳಗಿನ ಎರಡು ತಾಸಿನ ಮೌನ ಇದ್ದರೆ ಸಾಕು. ತಿನ್ನಿಸಲು ಏನನ್ನೂ ಒಯ್ಯಬೇಕಿಲ್ಲ, ಮರಳುವಾಗ ಏನನ್ನೂ ತರಬೇಕಿಲ್ಲ. ಗರಿಯೂ ಅಲ್ಲಿಯೇ ಇರಲಿ.

ವಿಜಯಪುರದ ಬಸದಿಯಲ್ಲಿ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಗೆ ಹಾವಿನ ಹೆಡೆಗಳೇ ಕೊಡೆಯಾಗಿವೆ. ಆ ಮೂರ್ತಿಗೆ ಕೈಮುಗಿದು ಹೊರಬಂದವರು ದಾರಿಯಲ್ಲಿ ಹಾವೊಂದು ಹರಿದುಹೋಗುವುದನ್ನು ಕಂಡರೆ ಮಾಡಬೇಕಾದುದು ಇಷ್ಟೇ: ಒಂದು ಹೆಜ್ಜೆ ಹಿಂದೆ ಸರಿದು, ಅದು ದಾಟುವವರೆಗೆ ನಿಲ್ಲುವುದು. ರಾಜಗೃಹದ ದಾರಿಯಲ್ಲಿ ಯಾರಾದರೊಬ್ಬರು ಹಾಗೆ ನಿಂತಿದ್ದರೆ, ಆ ಕಪ್ಪೆ ತನ್ನ ಕಮಲದ ಎಸಳನ್ನು ತನ್ನ ಬಾಯಿಂದಲೇ ಭಗವಂತನ ಪಾದಕ್ಕೆ ಅರ್ಪಿಸುತ್ತಿತ್ತು.